ರೂಟ್ ಖಾತೆಗೆ ಯಾವ ಎಡಿಟರ್? ಕ್ರಾನ್‌ಟ್ಯಾಬ್‌ನಿಂದ ಮೂರು ಸಾಲು ಮಾಯವಾದ ಒಂದು ಪ್ರಕರಣ

ನಾವು ನಾಲ್ಕು ಜನ ಸೇರಿ ಮೂರು ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇವೆ. ಎರಡರಲ್ಲಿ ಡೆಬಿಯನ್ ಇದೆ. ಮೂರನೆಯದರಲ್ಲಿ ರೆಡ್ ಹ್ಯಾಟ್ ಬಳಗದ ಲಿನಕ್ಸ್. ಬ್ಯಾಕಪ್ ನಡೆಯುವುದು ಆ ಮೂರನೆಯದರಲ್ಲೇ, ದಿನಾ ರಾತ್ರಿ 2 ಗಂಟೆಗೆ. ಒಂದು ಬುಧವಾರ ಬೆಳಿಗ್ಗೆ ಬ್ಯಾಕಪ್ ಫೋಲ್ಡರ್ ತೆರೆದು ನೋಡಿದೆ. ಕೊನೆಯ ಫೈಲ್ ಸೋಮವಾರದ್ದು. ಎರಡು ರಾತ್ರಿ ಬ್ಯಾಕಪ್ ಆಗಿಯೇ ಇರಲಿಲ್ಲ, ನಮಗೆ ಒಂದು ಮೇಲ್ ಕೂಡ ಬಂದಿರಲಿಲ್ಲ. ಸ್ಕ್ರಿಪ್ಟ್ ಓಡಿ ನಡುವೆ ನಿಂತಿದ್ದರೆ ಮೇಲ್ ಬರುತ್ತಿತ್ತು. ಓಡದೇ ಇರುವ ಸ್ಕ್ರಿಪ್ಟ್ ಯಾರಿಗೂ ಏನೂ ಹೇಳುವುದಿಲ್ಲ.

ರೂಟ್ ಅಂದರೆ ಸರ್ವರ್‌ನಲ್ಲಿ ಏನು ಬೇಕಾದರೂ ಮಾಡಬಲ್ಲ ಖಾತೆ. ಕ್ರಾನ್ ಅಂದರೆ ಹೇಳಿದ ಸಮಯಕ್ಕೆ ಕೆಲಸಗಳನ್ನು ತಾನಾಗಿಯೇ ಓಡಿಸುವ ಪ್ರೋಗ್ರಾಂ, ಆ ಕೆಲಸಗಳ ಪಟ್ಟಿ ಕ್ರಾನ್‌ಟ್ಯಾಬ್. ರೂಟ್ ಖಾತೆಯ ಕ್ರಾನ್‌ಟ್ಯಾಬ್ ನೋಡಿದಾಗ ಕಾರಣ ಸಿಕ್ಕಿತು. ಬ್ಯಾಕಪ್‌ನ ಸಾಲೇ ಇಲ್ಲ. ಅದರ ಕೆಳಗಿದ್ದ ಇನ್ನೆರಡು ಸಾಲೂ ಇಲ್ಲ. ಒಂದು, ಹಳೆಯ ಬ್ಯಾಕಪ್‌ಗಳನ್ನು ಅಳಿಸುವುದು. ಇನ್ನೊಂದು, ತಿಂಗಳಿಗೊಮ್ಮೆ ಡಿಸ್ಕ್ ಬಳಕೆಯ ವರದಿ ಕಳಿಸುವುದು. ಕ್ರಾನ್‌ನ ಲಾಗ್‌ನಲ್ಲಿ ಸೋಮವಾರ ಸಂಜೆ ‘ಬಿಗಿನ್ ಎಡಿಟ್’, ‘ರೀಪ್ಲೇಸ್’, ‘ಎಂಡ್ ಎಡಿಟ್’ ಎಂಬ ಮೂರು ದಾಖಲೆಗಳಿದ್ದವು. ಒಂದು ಆಜ್ಞೆಯನ್ನು ರೂಟ್ ಅಧಿಕಾರದಲ್ಲಿ ಓಡಿಸುವ ‘ಸುಡೊ’ದ ಅದೇ ಹೊತ್ತಿನ ದಾಖಲೆಯಲ್ಲಿ ನಮ್ಮ ತಂಡಕ್ಕೆ ಹೊಸದಾಗಿ ಬಂದವರ ಹೆಸರಿತ್ತು.

ತಪ್ಪು ಹುಡುಕಲು ಹೋಗಲಿಲ್ಲ, ಏನಾಯಿತು ಎಂದು ತಿಳಿಯಲು ಹೋದೆ. ಅವರ ಪಕ್ಕದಲ್ಲಿ ಕೂತು, ಅವತ್ತು ಒತ್ತಿದ ಕೀಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳಲು ಹೇಳಿದೆ. ಈ ಒಂದು ಗಂಟೆ ನಮಗೆ ತುಂಬಾ ಕಲಿಸಿತು.

ಅವರಿಗೆ ಕೊಟ್ಟ ಕೆಲಸ ಚಿಕ್ಕದು. ಬ್ಯಾಕಪ್ ಸಮಯವನ್ನು 2 ಗಂಟೆಯಿಂದ 3 ಗಂಟೆಗೆ ಬದಲಾಯಿಸಬೇಕು. ಕ್ರಾನ್‌ಟ್ಯಾಬ್ ತಿದ್ದಲು ‘ಸುಡೊ ಕ್ರಾನ್‌ಟ್ಯಾಬ್ -ಇ’ ಎಂದು ಕೊಟ್ಟರು. ಅವರು ನಿರೀಕ್ಷಿಸಿದ್ದು ನ್ಯಾನೊ ಎಂಬ ಸರಳ ಎಡಿಟರ್, ಅಂದರೆ ಫೈಲ್ ತಿದ್ದುವ ಪ್ರೋಗ್ರಾಂ. ತೆರೆದುಕೊಂಡದ್ದು ವಿಐ ಎಂಬ ಬೇರೆ ಎಡಿಟರ್. ಕರ್ಸರ್ ಅನ್ನು 2ರ ಮೇಲೆ ತಂದು 3 ಒತ್ತಿದರು. ಪರದೆಯ ಮೇಲೆ ಏನೂ ಆಗಲಿಲ್ಲ. ಮೊದಲು ಹಳೆಯ ಅಂಕಿ ಅಳಿಸಬೇಕೇನೋ ಅಂದುಕೊಂಡರು. ವಿಐನಲ್ಲಿ ಅಳಿಸಲು ‘ಡಿ’ ಕೀ ಎಂದು ಎಲ್ಲೋ ಕೇಳಿದ ನೆನಪು. ‘ಡಿ’ ಒತ್ತಿದರು. ಏನೂ ಆಗಲಿಲ್ಲ. ಮತ್ತೊಮ್ಮೆ ಒತ್ತಿದರು.

ವಿಐ ಗೊತ್ತಿರುವವರಿಗೆ ಇಷ್ಟು ಹೊತ್ತಿಗೆ ಎದೆ ಧಸಕ್ ಅಂದಿರುತ್ತದೆ. ವಿಐ ತೆರೆದ ಕೂಡಲೇ ಅಕ್ಷರ ಟೈಪ್ ಆಗುವುದಿಲ್ಲ. ಪ್ರತಿ ಕೀ ಒಂದು ಆಜ್ಞೆ. 3 ಅಂದರೆ ‘ಮುಂದಿನ ಕೆಲಸವನ್ನು ಮೂರು ಸಲ’. ‘ಡಿ’ ಎರಡು ಸಲ ಅಂದರೆ ‘ಸಾಲು ಅಳಿಸು’. ಮೂರು ಸಾಲು ಹೋಯಿತು. ಪರದೆಯ ಕೆಳಗೆ, ಮೂರು ಸಾಲು ಕಡಿಮೆಯಾಗಿದೆ ಎಂಬ ಸಂದೇಶ ಬಂದಿರಲೇಬೇಕು. ವಿಐನ ಹೊಸ ರೂಪವಾದ ವಿಮ್ ಎರಡಕ್ಕಿಂತ ಹೆಚ್ಚು ಸಾಲು ಬದಲಾದರೆ ಅದನ್ನು ತೋರಿಸುತ್ತದೆ. ಆದರೆ ಗಾಬರಿಯಾದವರ ಕಣ್ಣು ಕರ್ಸರ್ ಮೇಲೆ ಇರುತ್ತದೆ, ಪರದೆಯ ಕೊನೆಯ ಸಾಲಿನ ಮೇಲೆ ಅಲ್ಲ. ‘ಯು’ ಒಂದು ಸಲ ಒತ್ತಿದ್ದರೆ ಎಲ್ಲ ವಾಪಸ್ ಬರುತ್ತಿತ್ತು. ಅವರಿಗೆ ಗೊತ್ತಿದ್ದದ್ದು ಹೊರಬರುವ ಒಂದೇ ದಾರಿ: ಎಸ್ಕೇಪ್, ಕೋಲನ್, ‘ಡಬ್ಲ್ಯೂ ಕ್ಯೂ’. ಅದು ಹೊರಬರುವ ಮುಂಚೆ ಸೇವ್ ಮಾಡುತ್ತದೆ. ಕ್ರಾನ್‌ಟ್ಯಾಬ್ ಕೂಡ ಮರು ಮಾತಾಡದೆ ಒಪ್ಪಿಕೊಂಡಿತು. ಅದು ನೋಡುವುದು ಇರುವ ಸಾಲುಗಳ ವ್ಯಾಕರಣವನ್ನು ಮಾತ್ರ. ಇಲ್ಲದ ಸಾಲಿನ ಬಗ್ಗೆ ಅದಕ್ಕೇನು ಗೊತ್ತು?

ಸಾಲುಗಳನ್ನು ವಾಪಸ್ ತಂದದ್ದು ಹೀಗೆ. ಕ್ರಾನ್ ಪ್ರತಿ ಸಲ ಒಂದು ಕೆಲಸ ಶುರು ಮಾಡಿದಾಗ, ಯಾವ ಖಾತೆ, ಯಾವ ಆಜ್ಞೆ ಎಂದು ಲಾಗ್‌ನಲ್ಲಿ ಬರೆಯುತ್ತದೆ. ಆಜ್ಞೆ ಇಡಿಯಾಗಿ ಅಲ್ಲಿಯೇ ಸಿಗುತ್ತದೆ. ಸಮಯದ ಕಾಲಂ ನೋಡಿದರೆ ಎಷ್ಟು ಗಂಟೆಗೆ ಇತ್ತು ಎಂಬುದೂ ತಿಳಿಯುತ್ತದೆ. ಮೊದಲೆರಡು ಸಾಲು ಎರಡೇ ನಿಮಿಷದಲ್ಲಿ ಸಿಕ್ಕವು. ತಿಂಗಳ ವರದಿಯ ಸಾಲಿಗೆ ಹಳೆಯ ಲಾಗ್ ಫೈಲ್‌ಗಳನ್ನು ತೆರೆಯಬೇಕಾಯಿತು. ನಮ್ಮಲ್ಲಿ ಲಾಗ್ ವಾರಕ್ಕೊಮ್ಮೆ ಹೊಸ ಫೈಲ್‌ಗೆ ತಿರುಗುತ್ತದೆ, ಹಳೆಯವು ನಾಲ್ಕು ಉಳಿಯುತ್ತವೆ. ಅದರೊಳಗೆ ಒಂದನೇ ತಾರೀಖು ಬಂದಿದ್ದರಿಂದ ಸಿಕ್ಕಿತು. ಆ ಎರಡು ದಿನದಲ್ಲಿ ಯಾರಿಗೂ ಬ್ಯಾಕಪ್‌ನಿಂದ ಏನನ್ನೂ ವಾಪಸ್ ತರಬೇಕಾಗಿ ಬಂದಿರಲಿಲ್ಲ. ಆಗಿನಿಂದ ‘ಕ್ರಾನ್‌ಟ್ಯಾಬ್ -ಎಲ್’ನ ಔಟ್‌ಪುಟ್ ದಿನಾ ಒಂದು ಫೈಲ್‌ಗೆ ಹೋಗುತ್ತದೆ. ಕೀಬೋರ್ಡ್‌ನಲ್ಲಿ ‘ಇ’ ಪಕ್ಕದಲ್ಲೇ ‘ಆರ್’ ಇದೆ. ‘ಕ್ರಾನ್‌ಟ್ಯಾಬ್ -ಆರ್’ ಎಂದರೆ ಇಡೀ ಕ್ರಾನ್‌ಟ್ಯಾಬ್ ಅಳಿಸು ಎಂದು. ಅದನ್ನು ನೆನೆದರೆ ಈ ಪ್ರತಿ ಇಡುವುದು ಜಾಸ್ತಿ ಆಯಿತು ಅನಿಸುವುದಿಲ್ಲ.

ನ್ಯಾನೊ ಹಾಕಿದ್ದರೂ ವಿಐ ಏಕೆ ಬಂತು?

ನಮ್ಮ ಹೊಸ ಸಹೋದ್ಯೋಗಿ ಎಚ್ಚರ ತಪ್ಪಿದವರಲ್ಲ. ಆಜ್ಞೆ ಟೈಪ್ ಮಾಡುವ ಶೆಲ್ (ಇಲ್ಲಿ ಬ್ಯಾಶ್) ಶುರುವಾಗುವಾಗ ಓದುವ ತಮ್ಮ ‘.ಬ್ಯಾಶ್‌ಆರ್‌ಸಿ’ ಫೈಲ್‌ನಲ್ಲಿ, ಯಾವ ಎಡಿಟರ್ ತೆರೆಯಬೇಕು ಎಂದು ಹೇಳುವ ‘ಎಡಿಟರ್’ ಎಂಬ ವೇರಿಯೇಬಲ್‌ಗೆ ಅವರು ನ್ಯಾನೊ ಎಂದು ಮೊದಲ ದಿನವೇ ಹಾಕಿಕೊಂಡಿದ್ದರು. ಸುಡೊ ಇಲ್ಲದೆ ಕೊಟ್ಟರೆ ನ್ಯಾನೊ ಬರುತ್ತಿತ್ತು. ಸುಡೊ ಸೇರಿಸಿದರೆ ವಿಐ. ‘ನಾನು ಹಾಕಿದ್ದೀನಲ್ವಾ, ಮತ್ತೆ ಯಾಕೆ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ.

ಸುಡೊ ಒಂದು ಆಜ್ಞೆಯನ್ನು ರೂಟ್ ಆಗಿ ಓಡಿಸುವ ಮುಂಚೆ ನಿಮ್ಮ ಪರಿಸರದ ವೇರಿಯೇಬಲ್‌ಗಳನ್ನು ಬಹುಪಾಲು ಕಿತ್ತುಹಾಕುತ್ತದೆ. ‘ಎನ್ವ್_ರೀಸೆಟ್’ ಎಂಬ ಸೆಟ್ಟಿಂಗ್ ಅದು, ಸಾಮಾನ್ಯವಾಗಿ ಆನ್ ಆಗಿಯೇ ಬರುತ್ತದೆ. ಕೆಲವೇ ಕೆಲವು ವೇರಿಯೇಬಲ್‌ಗಳು ದಾಟಿ ಹೋಗುತ್ತವೆ. ನಮ್ಮ ಸರ್ವರ್‌ನ ಪಟ್ಟಿಯಲ್ಲಿ ‘ಎಡಿಟರ್’ ಇರಲಿಲ್ಲ. ಹಾಗಾಗಿ ಕ್ರಾನ್‌ಟ್ಯಾಬ್‌ಗೆ ಆ ವೇರಿಯೇಬಲ್ ಕಾಣಲೇ ಇಲ್ಲ. ಏನೂ ಕಾಣದಿದ್ದರೆ ಅದು ವಿಐ ತೆರೆಯುತ್ತದೆ. ಇದರ ಹಿಂದೆ ಒಳ್ಳೆಯ ಕಾರಣವಿದೆ. ಸಾಮಾನ್ಯ ಬಳಕೆದಾರ ಇಟ್ಟ ವೇರಿಯೇಬಲ್, ರೂಟ್ ಆಗಿ ಓಡುವ ಪ್ರೋಗ್ರಾಂನ ನಡತೆಯನ್ನೇ ಬದಲಾಯಿಸಬಹುದು. 2023ರಲ್ಲಿ ಬಯಲಾದ ಒಂದು ಸುಡೊ ದೋಷ ನೆನಪಿಗೆ ಬರುತ್ತದೆ. ಎಡಿಟರ್ ವೇರಿಯೇಬಲ್‌ನಲ್ಲಿ ಎರಡು ಅಡ್ಡಗೆರೆ ತುರುಕಿ, ಅನುಮತಿ ಇಲ್ಲದ ಫೈಲ್‌ಗಳನ್ನೂ, ಫೈಲ್ ತಿದ್ದಲೆಂದೇ ಇರುವ ಸುಡೊಎಡಿಟ್ ಮೂಲಕ ತಿದ್ದಬಹುದಿತ್ತು. ಎಡಿಟರ್ ಯಾವುದು ಎನ್ನುವುದು ಸುಮ್ನೆ ರುಚಿಯ ವಿಷಯ ಅಂತ ಅಂದುಕೊಳ್ಳಬಾರದು.

ನಾನು ಮೊದಲು ಮಾಡಿದ ಸರಿಪಡಿಕೆ ಅರ್ಧಂಬರ್ಧ. ರೂಟ್‌ನ ‘.ಬ್ಯಾಶ್_ಪ್ರೊಫೈಲ್’ನಲ್ಲಿ ನ್ಯಾನೊ ಹಾಕಿದೆ. ‘ಸುಡೊ -ಐ’ ಕೊಟ್ಟು ಒಳಗೆ ಹೋಗಿ ನೋಡಿದೆ, ಕೆಲಸ ಮಾಡಿತು. ಮುಗಿಯಿತು ಎಂದು ಎಲ್ಲರಿಗೂ ಹೇಳಿಬಿಟ್ಟೆ. ಮಾರನೇ ದಿನ ಇನ್ನೊಬ್ಬರು ‘ಸುಡೊ ಎಸ್‌ಯು’ ಕೊಟ್ಟು ರೂಟ್ ಆದರು, ಮತ್ತೆ ವಿಐ. ‘ಸುಡೊ -ಐ’ ತೆರೆಯುವುದು ಹೊಸದಾಗಿ ಲಾಗಿನ್ ಆದಂಥ ಶೆಲ್, ‘ಸುಡೊ ಎಸ್‌ಯು’ ತೆರೆಯುವುದು ಅಂಥ ಲಾಗಿನ್ ಶೆಲ್ ಅಲ್ಲ. ಲಾಗಿನ್ ಅಲ್ಲದ ಬ್ಯಾಶ್ ಓದುವುದು ‘.ಬ್ಯಾಶ್‌ಆರ್‌ಸಿ’ ಮಾತ್ರ. ಸರಿ, ಅಲ್ಲಿಗೆ ಸಾಲನ್ನು ಸರಿಸಿದೆ. ರೂಟ್‌ನ ಪ್ರೊಫೈಲ್ ಫೈಲ್ ಕೂಡ ಅದನ್ನೇ ಕರೆದು ಓದುತ್ತದೆ, ಡೆಬಿಯನ್‌ನಲ್ಲೂ ರೆಡ್ ಹ್ಯಾಟ್ ಬಳಗದಲ್ಲೂ. ಹಾಗಾಗಿ ಒಂದು ಕಡೆ ಹಾಕಿದರೆ ಎರಡು ದಾರಿಗೂ ಆಯಿತು.

ಆದರೆ ಅಸಲಿ ಪ್ರಕರಣ ಅದಲ್ಲವಲ್ಲ. ನೇರವಾಗಿ ‘ಸುಡೊ ಕ್ರಾನ್‌ಟ್ಯಾಬ್ -ಇ’ ಕೊಟ್ಟಾಗ ನಡುವೆ ಶೆಲ್ಲೇ ಇರುವುದಿಲ್ಲ. ಸುಡೊ ಆ ಪ್ರೋಗ್ರಾಂ ಅನ್ನು ನೇರವಾಗಿ ಶುರು ಮಾಡುತ್ತದೆ. ರೂಟ್‌ನ ಯಾವ ಶೆಲ್ ಫೈಲ್ ಅನ್ನೂ ಯಾರೂ ಓದುವುದಿಲ್ಲ. ನಾನು ರೂಟ್‌ನ ಮನೆಯಲ್ಲಿ ಎಷ್ಟು ಸಾಲು ಬರೆದಿಟ್ಟರೂ ಮೊದಲ ತೊಂದರೆ ಹಾಗೇ ಉಳಿಯುತ್ತಿತ್ತು. ಇದು ಅರ್ಥವಾಗಲು ನನಗೆ ಮೂರು ದಿನ ಬೇಕಾಯಿತು. ಇದನ್ನು ಇಷ್ಟು ಬಿಡಿಸಿ ಬರೆಯುತ್ತಿರುವುದೂ ಅದಕ್ಕೇ. ‘ರೂಟ್‌ಗೆ ಡೀಫಾಲ್ಟ್ ಎಡಿಟರ್ ಹಾಕಿ’ ಎನ್ನುವುದು ಒಂದು ಕೆಲಸವಲ್ಲ. ರೂಟ್ ಆಗುವ ದಾರಿಗಳು ಎಷ್ಟಿವೆಯೋ ಅಷ್ಟು ಕೆಲಸ.

ಡೆಬಿಯನ್ ಸರ್ವರ್‌ಗಳಲ್ಲಿ ಕಥೆ ಬೇರೆ. ಅಲ್ಲಿ ವೇರಿಯೇಬಲ್ ಇಲ್ಲದಿದ್ದರೆ ‘ಸೆನ್ಸಿಬಲ್-ಎಡಿಟರ್’ ಎಂಬ ಚಿಕ್ಕ ಪ್ರೋಗ್ರಾಂ ತೀರ್ಮಾನಿಸುತ್ತದೆ. ಅದು ಮೊದಲು ವೇರಿಯೇಬಲ್‌ಗಳನ್ನು ನೋಡುತ್ತದೆ. ಆಮೇಲೆ ಆ ಖಾತೆಯ ಹೋಮ್‌ನಲ್ಲಿರುವ ‘.ಸೆಲೆಕ್ಟೆಡ್_ಎಡಿಟರ್’ ಫೈಲ್ ನೋಡುತ್ತದೆ. ಅದೂ ಇಲ್ಲದಿದ್ದರೆ ಇಡೀ ಸಿಸ್ಟಮ್‌ಗೆ ಒಂದೇ ಆದ ‘ಎಡಿಟರ್’ ಎಂಬ ಲಿಂಕ್. ಆ ಲಿಂಕ್ ಯಾವುದಕ್ಕೆ ಹೋಗಬೇಕು ಎಂಬುದಕ್ಕೆ ಆದ್ಯತೆಯ ಅಂಕಿಗಳಿವೆ: ನ್ಯಾನೊಗೆ 40, ಪೂರ್ಣ ವಿಮ್‌ಗೆ 30, ಹಳೆಯ ಇಡಿ ಎಡಿಟರ್‌ಗೆ -100. ಯಾರೂ ಮುಟ್ಟದಿದ್ದರೆ ನ್ಯಾನೊ. ‘ಅಪ್‌ಡೇಟ್-ಆಲ್ಟರ್ನೇಟಿವ್ಸ್’ ಆಜ್ಞೆಯಿಂದ ಬದಲಾಯಿಸಬಹುದು. ನಮ್ಮ ಎರಡರಲ್ಲಿ ಒಂದು ಸರ್ವರ್‌ನಲ್ಲಿ ವಿಮ್ ಬರುತ್ತಿತ್ತು. ಹುಡುಕಿದರೆ ರೂಟ್‌ನ ಹೋಮ್‌ನಲ್ಲಿ ಆ ಸೆಲೆಕ್ಟೆಡ್ ಫೈಲ್ ಕೂತಿತ್ತು. ಹಿಂದೆ ಯಾರೋ ಮೊದಲ ಸಲ ಕ್ರಾನ್‌ಟ್ಯಾಬ್ ತೆರೆದಾಗ ಒಂದು ಪಟ್ಟಿ ಬಂದು, ಸಂಖ್ಯೆ ಕೇಳಿದೆ. ಅವರು ತಮಗೆ ಬೇಕಾದದ್ದನ್ನು ಒತ್ತಿದ್ದಾರೆ. ತಮಗಾಗಿ ಒತ್ತಿದ ಆ ಒಂದು ಸಂಖ್ಯೆ, ಆಮೇಲೆ ಆ ಖಾತೆಗೆ ಬಂದವರಿಗೆಲ್ಲ ಅನ್ವಯಿಸಿತು.

ಎರಡು ವೇರಿಯೇಬಲ್, ಎರಡು ಸರದಿ

‘ಎಡಿಟರ್’ ಜೊತೆಗೆ ‘ವಿಷುಯಲ್’ ಎಂಬ ಇನ್ನೊಂದು ವೇರಿಯೇಬಲ್ ಇದೆ. ಇದು ಪರದೆ ಇಲ್ಲದ ಕಾಲದಿಂದ ಬಂದದ್ದು. ಆಗ ಟರ್ಮಿನಲ್ ಎಂದರೆ ಕಾಗದದ ಮೇಲೆ ಮುದ್ರಿಸುವ ಯಂತ್ರ. ಅದಕ್ಕೆ ಒಂದೊಂದೇ ಸಾಲು ತಿದ್ದುವ ಇಡಿ, ಎಕ್ಸ್‌ನಂಥ ಎಡಿಟರ್ ಬೇಕಿತ್ತು. ಪರದೆ ಇದ್ದವರಿಗೆ ಪೂರ್ತಿ ಪುಟ ಕಾಣಿಸುವ ಎಡಿಟರ್. ಬಿಲ್ ಜಾಯ್ 1976ರಲ್ಲಿ ಬರೆದ ವಿಐ ಅಂಥದ್ದು. ಅದರ ಹೆಸರೇ ‘ವಿಷುಯಲ್’ ಪದದ ಮೊದಲೆರಡು ಅಕ್ಷರ. ಈಗ ಆ ವ್ಯತ್ಯಾಸಕ್ಕೆ ಬೆಲೆ ಇಲ್ಲ. ಆದರೆ ವೇರಿಯೇಬಲ್ ಎರಡೂ ಉಳಿದಿವೆ. ಕ್ರಾನ್‌ಟ್ಯಾಬ್ ಮೊದಲು ‘ವಿಷುಯಲ್’ ನೋಡುತ್ತದೆ, ಆಮೇಲೆ ‘ಎಡಿಟರ್’. ಸರ್ವರ್‌ನ ಸೇವೆಗಳ ಸೆಟ್ಟಿಂಗ್ ತಿದ್ದುವ ‘ಸಿಸ್ಟಮ್‌ಸಿಟಿಎಲ್ ಎಡಿಟ್’ ತನ್ನದೇ ಒಂದು ವೇರಿಯೇಬಲ್ ನೋಡಿ, ಮುಂದೆ ‘ಎಡಿಟರ್’, ಕೊನೆಗೆ ‘ವಿಷುಯಲ್’ ನೋಡುತ್ತದೆ. ಸರದಿ ತಿರುವು ಮುರುವು. ಕೋಡ್‌ನ ಆವೃತ್ತಿಗಳನ್ನು ಇಡುವ ಗಿಟ್‌ಗೆ ಇವೆರಡಕ್ಕೂ ಮುಂಚೆ ತನ್ನದೇ ವೇರಿಯೇಬಲ್ ಮತ್ತು ಕಾನ್ಫಿಗ್ ಇದೆ. ಹಾಗಾಗಿ ನಮ್ಮ ತೀರ್ಮಾನ ಸರಳ: ಎರಡಕ್ಕೂ ಒಂದೇ ಬೆಲೆ, ಯಾವಾಗಲೂ ಜೊತೆಯಲ್ಲಿ.

ಇಷ್ಟು ತಿಳಿದ ಮೇಲೆ ಉಳಿದದ್ದು ಯಾವ ಎಡಿಟರ್ ಎಂಬ ಪ್ರಶ್ನೆ. ಇಲ್ಲಿ ನಮ್ಮ ತಂಡದ ಹಿರಿಯರ ಆಕ್ಷೇಪ ಬಂತು. ಅವರು ಹದಿನೈದು ವರ್ಷದಿಂದ ವಿಮ್ ಬಳಸುವವರು. ‘ನ್ಯಾನೊ ಹಾಕಿದ್ರೆ ಇದೇ ಅಪಾಯ ನನಗೆ ಬರುತ್ತೆ’ ಎಂದರು. ನನಗೆ ಮೊದಲು ಅರ್ಥವಾಗಲಿಲ್ಲ. ಅವರು ತೋರಿಸಿದರು. ನ್ಯಾನೊದಲ್ಲಿ ಒಂದು ಫೈಲ್ ತೆರೆದು, ಅಭ್ಯಾಸಬಲದಿಂದ ಕೋಲನ್, ‘ಡಬ್ಲ್ಯೂ ಕ್ಯೂ’ ಒತ್ತಿದರು. ಆ ಮೂರು ಅಕ್ಷರ ಫೈಲ್‌ನ ಒಳಗೆ ಬಿದ್ದವು. ಅದು ಯಾವ ಡಿಸ್ಕ್ ಅನ್ನು ಎಲ್ಲಿ ಜೋಡಿಸಬೇಕು ಎಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್ ಆಗಿದ್ದು, ಗಮನಿಸದೆ ಸೇವ್ ಆಗಿದ್ದರೆ, ಮುಂದಿನ ರೀಬೂಟ್‌ನಲ್ಲಿ ಡಿಸ್ಕ್ ಮೌಂಟ್ ಆಗದೇ ಹೋಗಬಹುದು. ಬೆರಳಿನ ಅಭ್ಯಾಸ ಎರಡೂ ಕಡೆ ಕಚ್ಚುತ್ತದೆ. ಅವರ ಮಾತು ನೂರಕ್ಕೆ ನೂರು ನಿಜ.

ನಾನು ಹೇಳಿದ್ದು ಇಷ್ಟು. ರೂಟ್ ಖಾತೆ ನಮ್ಮಲ್ಲಿ ಯಾರೊಬ್ಬರದ್ದೂ ಅಲ್ಲ. ಅದರ ಡೀಫಾಲ್ಟ್ ಅನ್ನು ಚೆನ್ನಾಗಿ ಬಲ್ಲವರ ಕೈಗೆ ತಕ್ಕಂತೆ ಇಡಬಾರದು. ರಾತ್ರಿ ಎರಡು ಗಂಟೆಗೆ ಫೋನ್ ಬಂದು ಎದ್ದು ಕೂತ, ತಂಡದಲ್ಲಿ ಎಲ್ಲರಿಗಿಂತ ಕಡಿಮೆ ಅನುಭವದವರು ಅದರಿಂದ ಏನೂ ಕೆಡಿಸದೆ ಹೊರಬರುವಂತಿರಬೇಕು. ನ್ಯಾನೊದ ಕೆಳಗಿನ ಎರಡು ಸಾಲು ಯಾವ ಕೀ ಏನು ಮಾಡುತ್ತದೆ ಎಂದು ಯಾವಾಗಲೂ ತೋರಿಸುತ್ತಿರುತ್ತದೆ. ಕಂಟ್ರೋಲ್ ಎಕ್ಸ್ ಒತ್ತಿದರೆ, ಫೈಲ್ ಬದಲಾಗಿದ್ದರೆ, ಸೇವ್ ಮಾಡಲೇ ಎಂದು ಕೇಳುತ್ತದೆ. ಆ ಒಂದು ಪ್ರಶ್ನೆ ಸೋಮವಾರ ಸಂಜೆ ಇದ್ದಿದ್ದರೆ ಸಾಕಿತ್ತು. ಹಾಗೆಯೇ, ಅನುಭವಸ್ಥರ ಕೈಯಿಂದ ಅವರ ಎಡಿಟರ್ ಕಿತ್ತುಕೊಳ್ಳುವುದೂ ಬೇಡ. ಎರಡೂ ಆಗುವ ದಾರಿ ಹುಡುಕೋಣ ಎಂದೆ. ಅವರು ಒಪ್ಪಿದರು. ದಾರಿ ತೋರಿಸಿದ್ದೂ ಬಹುಪಾಲು ಅವರೇ.

ಕೊನೆಗೆ ನಿಂತ ವ್ಯವಸ್ಥೆ ಇದು. ಮೊದಲು ಮೂರೂ ಸರ್ವರ್‌ನಲ್ಲಿ ನ್ಯಾನೊ ಇದೆಯೇ ಎಂದು ನೋಡಿದೆವು. ಒಂದರಲ್ಲಿ ಇರಲಿಲ್ಲ. ಇಲ್ಲದ ಎಡಿಟರ್ ಹೆಸರು ವೇರಿಯೇಬಲ್‌ನಲ್ಲಿ ಇದ್ದರೆ ಕ್ರಾನ್‌ಟ್ಯಾಬ್ ತೆರೆಯುವುದೇ ಇಲ್ಲ. ಆಮೇಲೆ ‘/ಇಟಿಸಿ/ಪ್ರೊಫೈಲ್.ಡಿ’ಯಲ್ಲಿ ಒಂದು ಚಿಕ್ಕ ಫೈಲ್ ಇಟ್ಟೆವು. ನ್ಯಾನೊ ಇದ್ದರೆ, ಮತ್ತು ವೇರಿಯೇಬಲ್ ಮೊದಲೇ ಇರದಿದ್ದರೆ ಮಾತ್ರ, ಎರಡಕ್ಕೂ ನ್ಯಾನೊ ಹಾಕುತ್ತದೆ. ಫೆಡೋರಾ 2020ರಲ್ಲಿ, ತನ್ನ 33ನೇ ಆವೃತ್ತಿಯಲ್ಲಿ, ಡೀಫಾಲ್ಟ್ ಅನ್ನು ವಿಐಯಿಂದ ನ್ಯಾನೊಗೆ ಬದಲಾಯಿಸಿದ್ದು ಇದೇ ರೀತಿಯ ಫೈಲ್‌ನಿಂದ. ವಿಮ್ ಬೇಕಾದವರು ತಮ್ಮ ‘.ಬ್ಯಾಶ್‌ಆರ್‌ಸಿ’ಯಲ್ಲಿ ಹಾಕಿಕೊಳ್ಳುತ್ತಾರೆ. ಅದು ಆಮೇಲೆ ಓದಿಸಿಕೊಳ್ಳುವುದರಿಂದ ಅದೇ ಗೆಲ್ಲುತ್ತದೆ.

ಎರಡನೆಯದು, ಸುಡೊ ಕಾನ್ಫಿಗ್‌ನಲ್ಲಿ ‘ಎನ್ವ್_ಕೀಪ್’ ಪಟ್ಟಿಗೆ ಎರಡೂ ವೇರಿಯೇಬಲ್ ಸೇರಿಸಿದೆವು. ಎಲ್ಲರಿಗೂ ಅಲ್ಲ, ಪೂರ್ಣ ಅಧಿಕಾರ ಇರುವ ಗುಂಪಿಗೆ ಮಾತ್ರ. ಏನು ಬೇಕಾದರೂ ಮಾಡಬಲ್ಲವರಿಗೆ ತಮ್ಮ ಎಡಿಟರ್ ಒಯ್ಯಲು ಬಿಟ್ಟರೆ ಹೊಸ ಅಧಿಕಾರವೇನೂ ಸೇರುವುದಿಲ್ಲ. ಒಂದೆರಡು ಆಜ್ಞೆಗೆ ಮಾತ್ರ ಅನುಮತಿ ಇರುವವರ ವಿಷಯ ಬೇರೆ. ಅವರು ಆರಿಸಿದ ‘ಎಡಿಟರ್’ ಯಾವ ಪ್ರೋಗ್ರಾಂ ಬೇಕಾದರೂ ಆಗಬಹುದು, ಅದು ರೂಟ್ ಆಗಿ ಓಡುತ್ತದೆ. ಅವರಿಗೆ ಒಂದು ಫೈಲ್ ತಿದ್ದಬೇಕಿದ್ದರೆ ‘ಸುಡೊ ವಿಮ್’ ಎಂದು ಅನುಮತಿ ಕೊಡಬೇಡಿ. ವಿಮ್ ಒಳಗಿನಿಂದಲೇ ಶೆಲ್ ತೆರೆಯಬಹುದು, ಅದು ರೂಟ್ ಶೆಲ್. ಬದಲಿಗೆ ‘ಸುಡೊಎಡಿಟ್’ ಕೊಡಿ. ಅದು ಫೈಲ್‌ನ ಒಂದು ಪ್ರತಿ ಮಾಡಿ, ಎಡಿಟರ್ ಅನ್ನು ಅವರದೇ ಖಾತೆಯಲ್ಲಿ ಓಡಿಸಿ, ಮುಗಿದ ಮೇಲೆ ವಾಪಸ್ ಇಡುತ್ತದೆ. ಕಾನ್ಫಿಗ್ ಫೈಲ್‌ಗಳಿಗೆ ನಾವೂ ಈಗ ಅದನ್ನೇ ಬಳಸುತ್ತೇವೆ. ಪ್ರತಿಯೊಬ್ಬರಿಗೂ ತಮ್ಮ ಎಡಿಟರ್, ತಮ್ಮ ಸೆಟ್ಟಿಂಗ್. ನಮ್ಮ ಹಿರಿಯರಿಗೆ ತುಂಬಾ ಹಿಡಿಸಿದ್ದು ಇದು.

ಮೂರನೆಯದು, ರೂಟ್‌ನ ‘.ಬ್ಯಾಶ್‌ಆರ್‌ಸಿ’ಯಲ್ಲಿ ಎರಡಕ್ಕೂ ನ್ಯಾನೊ. ರೂಟ್ ಶೆಲ್ ತೆರೆದರೆ ಯಾರಿಗಾದರೂ ನ್ಯಾನೊ ಬರುತ್ತದೆ. ಸೆಲೆಕ್ಟೆಡ್ ಫೈಲ್ ಅಳಿಸಿದೆವು.

ಸುಡೊದಲ್ಲಿ ಯಾರಿಗೆ ಏನು ಅನುಮತಿ ಎಂದು ಬರೆದಿರುವುದು ಸುಡೊಯರ್ಸ್ ಫೈಲ್‌ನಲ್ಲಿ. ಅದನ್ನು ತಿದ್ದುವ ವಿಸುಡೊಗೆ ಬೇರೆಯೇ ಗಮನ ಕೊಡಬೇಕಾಯಿತು. ಹೆಸರಿನಲ್ಲಿ ವಿಐ ಇದ್ದರೂ ಅದಕ್ಕೆ ವಿಐ ಬೇಕೇ ಬೇಕು ಎಂದೇನಿಲ್ಲ. ಸುಡೊಯರ್ಸ್ ಫೈಲ್‌ನಲ್ಲೇ ‘ಎಡಿಟರ್’ ಎಂಬ ಸೆಟ್ಟಿಂಗ್ ಇದೆ. ಅಲ್ಲಿ ನ್ಯಾನೊದ ಪೂರ್ತಿ ವಿಳಾಸ ಬರೆದೆವು. ಸುಡೊಯರ್ಸ್ ಫೈಲ್ ಕೆಟ್ಟರೆ ಸುಡೊ ಯಾರಿಗೂ ಕೆಲಸ ಮಾಡದೇ ಹೋಗಬಹುದು. ರೂಟ್ ಪಾಸ್‌ವರ್ಡ್ ಇಲ್ಲದ ಸರ್ವರ್ ಆದರೆ ಒಳಗೆ ಹೋಗುವ ದಾರಿಯೇ ಮುಚ್ಚಿತು. ಅದಕ್ಕೇ ವಿಸುಡೊ ಸೇವ್ ಮಾಡುವ ಮುಂಚೆ ವ್ಯಾಕರಣ ನೋಡುತ್ತದೆ, ಒಬ್ಬರು ತಿದ್ದುವಾಗ ಇನ್ನೊಬ್ಬರನ್ನು ತಡೆಯುತ್ತದೆ. ತಪ್ಪಿದ್ದರೆ ‘ಈಗೇನು?’ ಎಂದು ಕೇಳುತ್ತದೆ. ಆಗ ‘ಇ’ ಎಂದರೆ ಮತ್ತೆ ತಿದ್ದು, ‘ಎಕ್ಸ್’ ಎಂದರೆ ಬದಲಾವಣೆ ಬಿಟ್ಟು ಹೊರಗೆ. ದೊಡ್ಡ ‘ಕ್ಯೂ’ ಎಂದರೆ ತಪ್ಪಿದ್ದರೂ ಸೇವ್ ಮಾಡು. ಆ ದೊಡ್ಡ ‘ಕ್ಯೂ’ ನಮ್ಮಲ್ಲಿ ಯಾರೂ ಒತ್ತಬಾರದು ಎಂದು ಮಾತಾಡಿಕೊಂಡಿದ್ದೇವೆ. ಹೊರಬರುವುದು ಎಂದರೆ ‘ಕ್ಯೂ’ ಎಂದು ಬೆರಳಿಗೆ ಅಭ್ಯಾಸವಾದವರು ಇಲ್ಲಿ ತುಂಬಾ ಎಚ್ಚರ ವಹಿಸಬೇಕು.

ನ್ಯಾನೊ ಬಗ್ಗೆಯೂ ಒಂದು ಮಾತು. 2019ರಲ್ಲಿ ಬಂದ 4.0 ಆವೃತ್ತಿಗಿಂತ ಹಳೆಯದಾದರೆ, ಉದ್ದದ ಸಾಲನ್ನು ಅದು ತಾನಾಗಿಯೇ ಮುರಿಯಬಹುದು. ಮುರಿದ ಕ್ರಾನ್ ಸಾಲು, ಮುರಿದ ಎಫ್‌ಎಸ್‌ಟ್ಯಾಬ್ ಸಾಲು ಎಷ್ಟು ತೊಂದರೆ ಕೊಡುತ್ತದೆ ಎಂದು ಹೇಳಬೇಕಿಲ್ಲ. ಹಳೆಯ ನ್ಯಾನೊ ಇರುವ ಕಡೆ ‘-ಡಬ್ಲ್ಯೂ’ ಆಯ್ಕೆ ಕೊಡಬೇಕು, ಇಲ್ಲವೇ ನ್ಯಾನೊದ ಕಾನ್ಫಿಗ್‌ನಲ್ಲೇ ಸಾಲು ಮುರಿಯುವುದನ್ನು ನಿಲ್ಲಿಸಬೇಕು.

ವಿಐ ಬಿಟ್ಟುಬಿಟ್ಟೆವು ಎಂದಲ್ಲ. ಸರ್ವರ್ ಬೂಟ್ ಆಗದೆ, ದುರಸ್ತಿಗೆಂದು ಇರುವ ರೆಸ್ಕ್ಯೂ ಶೆಲ್‌ಗೆ ಬಂದು ನಿಂತಾಗ ಅಲ್ಲಿ ನ್ಯಾನೊ ಇರುವುದು ಖಾತ್ರಿ ಇಲ್ಲ. ಬಿಜಿಬಾಕ್ಸ್ ಎಂಬ ಪುಟ್ಟ ಉಪಕರಣಗಳ ಕಟ್ಟಿನ ಚಿಕ್ಕ ವಿಐ ಮಾತ್ರ ಇರಬಹುದು. ಅದಕ್ಕೆ ಹಿರಿಯರು ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಬೇಕಾದಷ್ಟನ್ನೇ ಕಲಿಸಿದರು. ‘ಐ’ ಒತ್ತಿ ಬರೆಯುವುದು. ಎಸ್ಕೇಪ್ ಒತ್ತಿ ನಿಲ್ಲಿಸುವುದು. ‘ಯು’ ಒತ್ತಿ ಹಿಂದಕ್ಕೆ ಹೋಗುವುದು. ಎಲ್ಲಕ್ಕಿಂತ ಮೊದಲು, ಏನೂ ಸೇವ್ ಮಾಡದೆ ಹೊರಬರುವುದು: ಎಸ್ಕೇಪ್, ಕೋಲನ್, ‘ಕ್ಯೂ’, ಆಶ್ಚರ್ಯಸೂಚಕ ಚಿಹ್ನೆ. ಸೇವ್ ಮಾಡುವುದನ್ನು ಅವರು ಕೊನೆಗೆ ಹೇಳಿಕೊಟ್ಟರು. ಆ ಕ್ರಮ ನನಗೆ ತುಂಬಾ ಸರಿ ಅನಿಸಿತು.

ಪರೀಕ್ಷೆಯನ್ನು ಬಾಯಿಮಾತಿಗೆ ಬಿಡಲಿಲ್ಲ. ಆರು ದಾರಿ ಬರೆದುಕೊಂಡೆವು: ನೇರ ಸುಡೊದಿಂದ ಕ್ರಾನ್‌ಟ್ಯಾಬ್, ‘ಸುಡೊ -ಐ’ ಒಳಗಿಂದ ಕ್ರಾನ್‌ಟ್ಯಾಬ್, ‘ಸುಡೊ ಎಸ್‌ಯು’ ಒಳಗಿಂದ ಕ್ರಾನ್‌ಟ್ಯಾಬ್, ವಿಸುಡೊ, ‘ಸಿಸ್ಟಮ್‌ಸಿಟಿಎಲ್ ಎಡಿಟ್’, ಮತ್ತು ಕನ್ಸೋಲ್‌ನಿಂದ ರೂಟ್ ಲಾಗಿನ್. ಮೂರು ಸರ್ವರ್, ಒಟ್ಟು ಹದಿನೆಂಟು ಸಲ. ಪ್ರತಿ ಸಲ ತೆರೆದು, ಏನೂ ಬದಲಾಯಿಸದೆ ಹೊರಬಂದೆವು. ಹದಿನೇಳು ಸರಿಯಾಗಿ ಬಂತು. ಒಂದು ಡೆಬಿಯನ್‌ನಲ್ಲಿ ‘ಸಿಸ್ಟಮ್‌ಸಿಟಿಎಲ್ ಎಡಿಟ್’ ವಿಮ್ ತೆರೆಯಿತು. ಅದಕ್ಕೆಂದೇ ಇರುವ ವೇರಿಯೇಬಲ್ ಅನ್ನು ಯಾರೋ ಹಿಂದೆ ರೂಟ್‌ನ ಫೈಲ್‌ನಲ್ಲಿ ಬರೆದಿದ್ದರು. ಆ ಸಾಲು ತೆಗೆದೆವು.

ಇಷ್ಟೆಲ್ಲ ಆಗುವಾಗ ಅಸಲಿ ಕೆಲಸ ಹಾಗೇ ಉಳಿದಿತ್ತು. ಬ್ಯಾಕಪ್ ಇನ್ನೂ 2 ಗಂಟೆಗೇ ಓಡುತ್ತಿತ್ತು. ನಮ್ಮ ಹೊಸ ಸಹೋದ್ಯೋಗಿಯೇ ಕೂತು ‘ಸುಡೊ ಕ್ರಾನ್‌ಟ್ಯಾಬ್ -ಇ’ ಕೊಟ್ಟರು. ನ್ಯಾನೊ ತೆರೆಯಿತು. 2 ಅಳಿಸಿ 3 ಬರೆದರು. ಹೊರಬರುವಾಗ ಸೇವ್ ಮಾಡಲೇ ಎಂದು ಕೇಳಿತು. ಅವರು ತಕ್ಷಣ ಉತ್ತರಿಸಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಸಾಲುಗಳನ್ನು ಒಂದು ಸಲ ಎಣಿಸಿ, ಆಮೇಲೆ ‘ವೈ’ ಒತ್ತಿದರು. ಮಾರನೇ ಬೆಳಿಗ್ಗೆ ಲಾಗ್‌ನಲ್ಲಿ 3 ಗಂಟೆಯ ದಾಖಲೆ ಇತ್ತು.